ದಿವಾನ್ ಪೂರ್ಣಯ್ಯನವರ ಭಾವಚಿತ್ರ

ಪ್ರಧಾನ ಪೂರ್ಣಯ್ಯನವರ ಹೆಸರನ್ನು ಕೇಳದ ಮಾಧ್ವ ಕುಟುಂಬವು ಮೈಸೂರು ಸೀಮೆಯಲ್ಲಿ ವಿರಳ. ಆದರೆ ಅವರ ಮುಖವನ್ನು ನಮಗೆ ಉಳಿಸಿಕೊಟ್ಟವನು ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ ಎಂಬುದು ಬಹುಮಂದಿಗೆ ತಿಳಿದಿರಲಾರದು. ಸುಮಾರು 1801ರಲ್ಲಿ ಆತನು ರಚಿಸಿದ ತೈಲಚಿತ್ರವು ಈಗ ಅಮೆರಿಕದ ನ್ಯೂ ಹೇವನ್ ನಗರದಲ್ಲಿ, ಯೇಲ್ ವಿಶ್ವವಿದ್ಯಾನಿಲಯದ ಬ್ರಿಟಿಷ್ ಕಲಾಕೇಂದ್ರದಲ್ಲಿದೆ. ನಮ್ಮ ಮನೆಗಳ ಹಿರಿಯರ ಪಟಗಳಲ್ಲಿ ಕಾಣುವ ಪಂಚೆ, ಉತ್ತರೀಯಗಳು ಅದರಲ್ಲಿಲ್ಲ. ತಲೆಗೆ ಪೇಟ, ಮೈಮೇಲೆ ದರ್ಬಾರಿನ ಉಡುಪು. ಶ್ರೀರಂಗಪಟ್ಟಣವು ಪತನವಾಗಿ ಆಗ ಎರಡೇ ವರ್ಷ ಕಳೆದಿತ್ತು. ಈ ಉಡುಪನ್ನು ಅವರು ಯಾರ ದರ್ಬಾರಿಗಾಗಿ ತೊಟ್ಟಿದ್ದರೆಂಬ ಪ್ರಶ್ನೆಯು ಅಂದಿನಿಂದಲೂ ಅವರನ್ನು ಬಿಟ್ಟಿಲ್ಲ.

ಕೊಂಗು ಸೀಮೆಯ ದೇಶಸ್ಥ ಮಾಧ್ವ ಮನೆತನದಲ್ಲಿ 1746ರಲ್ಲಿ ಜನಿಸಿದ ಪೂರ್ಣಯ್ಯನವರು ಬಾಲ್ಯದಲ್ಲಿಯೇ ಪಿತೃವಿಯೋಗವನ್ನು ಅನುಭವಿಸಿ, ವರ್ತಕರ ಅಂಗಡಿಯಲ್ಲಿ ಲೆಕ್ಕ ಬರೆದು ಜೀವಿಸಿದರು. ಆ ಲೆಕ್ಕದ ಜಾಣ್ಮೆಯೇ ಅವರನ್ನು ಹೈದರಾಲಿಯ ಖಜಾನೆಗೆ ಕರೆತಂದಿತು. 1782ರ ಡಿಸೆಂಬರಿನಲ್ಲಿ ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರನು ಮೃತನಾದಾಗ ಟಿಪ್ಪುವು ದೂರದ ಮಲಬಾರಿನಲ್ಲಿದ್ದನು. ಪೂರ್ಣಯ್ಯನವರೂ ಕೃಷ್ಣರಾಯರೂ ಮರಣವಾರ್ತೆಯನ್ನು ಗುಟ್ಟಾಗಿರಿಸಿ, ಪೆಟ್ಟಿಗೆಯಲ್ಲಿಟ್ಟ ಶವವನ್ನು ಧನವೆಂಬಂತೆ ಕೋಲಾರಕ್ಕೆ ಸಾಗಿಸಿ, ಟಿಪ್ಪುವು ಬರುವವರೆಗೆ ಸೈನ್ಯವನ್ನು ಚದುರದಂತೆ ಕಾಪಾಡಿದರು. ಅಷ್ಟು ದೊಡ್ಡ ಪಾಳೆಯದಲ್ಲಿ ಅಂಥ ಗುಟ್ಟನ್ನು ಕಾಯುವುದು ಸಾಮಾನ್ಯರ ಕಾರ್ಯವಲ್ಲ.

1799ರ ಮೇ 4ರಂದು ಟಿಪ್ಪುವು ಮಡಿದನು. ಪೂರ್ಣಯ್ಯನವರು ಇಂಗ್ಲಿಷರಿಗೆ ಶರಣಾದರು; ಜೂನ್ 30ರಂದು ಮೈಸೂರಿನಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರ ಪಟ್ಟಾಭಿಷೇಕವಾದಾಗ ಅವರೇ ದಿವಾನರಾದರು. ಇದನ್ನೇ ಹಿಡಿದು ಅವರನ್ನು ಸ್ವಾಮಿದ್ರೋಹಿಯೆನ್ನುವವರುಂಟು. ಆದರೆ ಶರಣಾದ ಮೇಲೂ ಅವರು ಇಂಗ್ಲಿಷರ ಮುಂದಿಟ್ಟ ಮೊದಲ ಸಲಹೆಯು ಟಿಪ್ಪುವಿನ ಹಿರಿಯ ಮಗ ಫತೆ ಹೈದರನಿಗೆ ರಾಜ್ಯವನ್ನು ಕೊಡಬೇಕೆಂಬುದಾಗಿತ್ತೆಂಬುದನ್ನು ಮರೆಯಲಾಗದು. ಅದು ಸಲ್ಲಲಿಲ್ಲ. ಒಡೆಯರ ಮನೆತನಕ್ಕೆ ರಾಜ್ಯವು ಮರಳಿದಾಗ ಅದೇ ನಿಷ್ಠೆಯಿಂದ ಅದನ್ನು ಸೇವಿಸಿದರು. ದ್ರೋಹಿಯ ನಡತೆ ಇದಲ್ಲವೆಂದೇ ನನ್ನ ಅಭಿಪ್ರಾಯ; ವ್ಯಕ್ತಿಗಿಂತ ಅಧಿಕಾರಸ್ಥಾನಕ್ಕೆ ಹೆಚ್ಚು ನಿಷ್ಠರಾದ ಲೆಕ್ಕಿಗನ ನಡತೆಯೆಂದರೆ ಸರಿಯಾದೀತು.

ದಿವಾನಗಿರಿಯ ಹನ್ನೆರಡು ವರ್ಷಗಳಲ್ಲಿ ಅವರು ಯುದ್ಧಗಳಿಂದ ಹಾಳಾದ ಕೆರೆ ಕಾಲುವೆಗಳನ್ನು ದುರಸ್ತಿ ಮಾಡಿಸಿದರು. ಕಂಪನಿಗೆ ವರ್ಷಕ್ಕೆ ಏಳು ಲಕ್ಷ ವರಹಗಳ ಪೊಗದಿಯನ್ನು ಸಲ್ಲಿಸುತ್ತಲೇ ಇದೆಲ್ಲವೂ ನಡೆಯಬೇಕಾಗಿತ್ತು. ಶ್ರೀರಂಗಪಟ್ಟಣದಲ್ಲಿ ಕಾವೇರಿಗೆ ಕಟ್ಟಿಸಿದ ಕಲ್ಲುಕಂಬಗಳ ಸೇತುವೆಯು 1804ರಲ್ಲಿ ಪೂರ್ಣವಾಯಿತು. ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರನ್ನಿಡಲಾಯಿತು. ಮೈಸೂರಿಗೆ ಕಾವೇರಿಯ ನೀರನ್ನು ತರಲೆಂದು ಆರಂಭಿಸಿದ ಕಾಲುವೆಯು ಮಾತ್ರ ಕೈಗೂಡಲಿಲ್ಲ. ಅದರ ಅವಶೇಷವನ್ನು ನಗರದವರು ಇಂದಿಗೂ ಪೂರ್ಣಯ್ಯನ ನಾಲೆ ಎನ್ನುತ್ತಾರೆ.

ಭಾವಚಿತ್ರದ ವಿಷಯದಲ್ಲಿ ಇನ್ನೊಂದು ಸಂಗತಿಯುಂಟು. ಆ ಗವರ್ನರ್ ಜನರಲನ ತಮ್ಮನೂ, ಮುಂದೆ ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದವನೂ ಆದ ಆರ್ಥರ್ ವೆಲ್ಲೆಸ್ಲಿಯು 1805ರಲ್ಲಿ ಭಾರತವನ್ನು ಬಿಡುವಾಗ ಪೂರ್ಣಯ್ಯನವರಿಗೆ ಪತ್ರವನ್ನು ಬರೆದು, ಅವರ ಆಡಳಿತವನ್ನು ಕೊಂಡಾಡಿ, ಸ್ಮರಣಾರ್ಥವಾಗಿ ತನ್ನ ಭಾವಚಿತ್ರವನ್ನು ಸ್ವೀಕರಿಸಬೇಕೆಂದು ಕೋರಿದನು. ಗೆದ್ದವನು ಸೋತ ಪಕ್ಷದ ಮಂತ್ರಿಗೆ ಹೀಗೆ ತನ್ನ ಪಟವನ್ನಿತ್ತುದು ಅಪೂರ್ವವೇ ಸರಿ.

ದೋಷಗಳಿರಲಿಲ್ಲವೆಂದಲ್ಲ. ದಿವಾನಗಿರಿಯು ತಮ್ಮ ವಂಶದಲ್ಲಿಯೇ ಉಳಿಯಬೇಕೆಂಬ ಆಸೆ ಅವರಿಗಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಪ್ರಾಯಕ್ಕೆ ಬಂದ ಮಹಾರಾಜರಿಗೂ ವೃದ್ಧ ಮಂತ್ರಿಗೂ ವಿರಸವುಂಟಾಗಿ, 1811ರಲ್ಲಿ ಪೂರ್ಣಯ್ಯನವರು ಅಧಿಕಾರವನ್ನು ಒಪ್ಪಿಸಿದರು. ಬೊಕ್ಕಸದಲ್ಲಿ ಆಗ ಸುಮಾರು ಎರಡು ಕೋಟಿ ರೂಪಾಯಿಗಳಿದ್ದವೆಂದು ಹೇಳುತ್ತಾರೆ. ಪ್ರಜೆಗಳಿಗಾಗಿ ವೆಚ್ಚಮಾಡಬೇಕಾದುದನ್ನು ಕೂಡಿಟ್ಟರೆಂಬ ಆಕ್ಷೇಪವೂ ಇದೆ. ಅದನ್ನು ತಳ್ಳಿಹಾಕುವುದು ಸುಲಭವಲ್ಲ.

ಮರುವರ್ಷ, 1812ರ ಮಾರ್ಚಿಯಲ್ಲಿ, ಅವರು ಶ್ರೀರಂಗಪಟ್ಟಣದಲ್ಲಿ ದೇಹತ್ಯಾಗ ಮಾಡಿದರು. 1807ರಲ್ಲಿ ಅವರಿಗೆ ದೊರೆತಿದ್ದ ಯಳಂದೂರಿನ ಜಹಗೀರು ಮನೆತನದಲ್ಲಿ ಉಳಿಯಿತು. ಅವರ ವಂಶಜರಾದ ಪಿ. ಎನ್. ಕೃಷ್ಣಮೂರ್ತಿಗಳು 1901ರಿಂದ 1906ರವರೆಗೆ ಮೈಸೂರಿನ ದಿವಾನರಾಗಿದ್ದರು.