ಗಾಳಿಯ ಲೆಕ್ಕ ಬರೆದಿಟ್ಟ ಅನ್ನಾ ಮಣಿ

ಆಷಾಢದ ಗಾಳಿ ಎಂಥದೆಂದು ನಮ್ಮ ಜಿಲ್ಲೆಯ ರೈತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹೊಸದುರ್ಗದ ಕಡೆ ತೆಂಗಿನ ಗರಿಗಳೆಲ್ಲ ಒಂದೇ ಮಗ್ಗುಲಿಗೆ ವಾಲುತ್ತವೆ. ಹೊಳಲ್ಕೆರೆಯ ತೋಟಗಳಲ್ಲಿ ಬಾಳೆ ಎಲೆ ಸೀಳಿಹೋಗುತ್ತದೆ. ಹಿರಿಯೂರಿನ ಬಯಲಿನಲ್ಲಂತೂ ಬಂದ ಮೋಡವನ್ನು ಹನಿ ಹಾಕಲು ಬಿಡದೆ ಗಾಳಿ ಓಡಿಸಿಕೊಂಡು ಹೋಗುತ್ತದೆ. ಅದೇ ಗಾಳಿಯನ್ನು ನಂಬಿ ಚಿತ್ರದುರ್ಗದ ಜೋಗಿಮಟ್ಟಿ ಸಾಲಿನಲ್ಲಿ, ಹೊಳಲ್ಕೆರೆ ಮತ್ತು ಹೊಸದುರ್ಗದ ಗುಡ್ಡಗಳ ಮೇಲೆ ಇಂದು ಗಾಳಿ ಫ್ಯಾನುಗಳು ತಿರುಗಿ ಕರೆಂಟು ಕೊಡುತ್ತಿವೆ.

ಒಂದು ಮಾತು ಯೋಚಿಸಿ. ಒಂದೊಂದು ಫ್ಯಾನಿಗೂ ಕೋಟಿಗಟ್ಟಲೆ ಹಣ ಹಾಕುವವರು, ಇಲ್ಲಿ ಗಾಳಿ ಜೋರು ಎಂದು ಊರವರು ಹೇಳಿದ ಮಾತ್ರಕ್ಕೆ ಹಾಕುತ್ತಾರೆಯೆ? ಯಾವ ತಿಂಗಳಲ್ಲಿ, ಹಗಲೋ ರಾತ್ರಿಯೋ, ನೆಲದಿಂದ ಎಷ್ಟು ಎತ್ತರದಲ್ಲಿ, ಎಷ್ಟು ವೇಗ ಎಂಬ ಅಂಕಿಗಳು ಕೈಯಲ್ಲಿರಬೇಕು. ನಮ್ಮ ದೇಶದಲ್ಲಿ ಅಂಥ ಅಂಕಿಗಳನ್ನು ಜಾಗ ಜಾಗಕ್ಕೆ ಹೋಗಿ ಕೂಡಿಸಿ, ಪುಸ್ತಕ ಮಾಡಿ ಇಟ್ಟವರಲ್ಲಿ ಮುಂಚೂಣಿಯಲ್ಲಿದ್ದವರು ಒಬ್ಬ ಹೆಣ್ಣುಮಗಳು, ಅನ್ನಾ ಮಣಿ.

ಅವರು ಹುಟ್ಟಿದ್ದು 1918ರ ಆಗಸ್ಟ್ 23ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಪೀರುಮೇಡಿನಲ್ಲಿ. ತಂದೆ ಸಿವಿಲ್ ಇಂಜಿನಿಯರು. ಏಲಕ್ಕಿ ತೋಟವೂ ಇದ್ದ ಅನುಕೂಲಸ್ಥರ ಮನೆ. ಎಂಟು ಮಕ್ಕಳಲ್ಲಿ ಇವರು ಏಳನೆಯವರು. ಹೆಣ್ಣು ಮಗುವಿಗೆ ಎಂಟು ತುಂಬಿದ ದಿನ ವಜ್ರದ ಓಲೆ ಕೊಡುವುದು ಆ ಮನೆಯ ವಾಡಿಕೆ. ಈ ಹುಡುಗಿ ಓಲೆ ಬೇಡವೆಂದು ಹಟ ಹಿಡಿದು, ಅದರ ಬದಲು ಎನ್‌ಸೈಕ್ಲೋಪೀಡಿಯ ಬ್ರಿಟಾನಿಕ ಪುಸ್ತಕಗಳನ್ನು ತರಿಸಿಕೊಂಡಳು. ವೈಕಂ ಸತ್ಯಾಗ್ರಹದ ಕಾಲದಲ್ಲಿ ಗಾಂಧೀಜಿ ಆ ಸೀಮೆಗೆ ಬಂದು ಹೋದ ಮೇಲೆ ಖಾದಿಯನ್ನೂ ಹಿಡಿದಳು.

ಓಲೆಯ ವಜ್ರ ಬೇಡವೆಂದವರಿಗೆ ಮುಂದೆ ವಜ್ರದ ಸಹವಾಸವೇ ಗಂಟುಬಿದ್ದದ್ದು ತಮಾಷೆ. ಮದರಾಸಿನಲ್ಲಿ 1939ರಲ್ಲಿ ಪದವಿ ಮುಗಿಸಿ, ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಸರ್ ಸಿ. ವಿ. ರಾಮನ್ ಅವರ ಪ್ರಯೋಗಾಲಯ ಸೇರಿದರು. ಅಲ್ಲಿ ಮೂವತ್ತಕ್ಕೂ ಹೆಚ್ಚು ವಜ್ರಗಳ ಮೂಲಕ ಬೆಳಕು ಹಾಯಿಸಿ, ಅದು ಹೇಗೆ ಬಣ್ಣ ಒಡೆಯುತ್ತದೆ ಎಂದು ಪರೀಕ್ಷೆ ಮಾಡುವುದು ಅವರ ಕೆಲಸ. ಒಂದು ಚಿತ್ರ ಮೂಡಲು 15–20 ಗಂಟೆ ಹಿಡಿಯುತ್ತಿತ್ತು. ಎಷ್ಟೋ ರಾತ್ರಿ ಅಲ್ಲೇ ಕಳೆದದ್ದುಂಟು. ಐದು ಲೇಖನ ಪ್ರಕಟವಾದವು. 1945ರ ಆಗಸ್ಟಿನಲ್ಲಿ ಡಾಕ್ಟರೇಟಿಗೆಂದು ಪ್ರಬಂಧವನ್ನು ಮದರಾಸು ವಿಶ್ವವಿದ್ಯಾಲಯಕ್ಕೆ ಕಳಿಸಿದರು. ಎಂ.ಎಸ್ಸಿ. ಇಲ್ಲವೆಂಬ ಕಾರಣಕ್ಕೆ ಪದವಿ ಬರಲಿಲ್ಲ! ಬೇರೆಯವರಾಗಿದ್ದರೆ ಕುಗ್ಗಿಹೋಗುತ್ತಿದ್ದರೇನೋ. ಇವರು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳದೆ, ಸರ್ಕಾರದ ವಿದ್ಯಾರ್ಥಿವೇತನ ಪಡೆದು, ಸೈನಿಕರನ್ನು ಸಾಗಿಸುವ ಹಡಗೊಂದರಲ್ಲಿ ಇಂಗ್ಲೆಂಡಿಗೆ ಹೊರಟರು.

ಓದಬೇಕೆಂದಿದ್ದದ್ದು ಭೌತಶಾಸ್ತ್ರ. ಆದರೆ ಖಾಲಿ ಇದ್ದದ್ದು ಹವಾಮಾನ ಅಳೆಯುವ ಉಪಕರಣಗಳ ತರಬೇತಿ ಮಾತ್ರ. ಸಿಕ್ಕಿದ್ದನ್ನೇ ಶ್ರದ್ಧೆಯಿಂದ ಕಲಿತು 1948ರಲ್ಲಿ ಹಿಂದಿರುಗಿ, ಪುಣೆಯಲ್ಲಿ ಹವಾಮಾನ ಇಲಾಖೆಯ ಉಪಕರಣ ವಿಭಾಗಕ್ಕೆ ಸೇರಿದರು. ಆಗ ಸಾಮಾನ್ಯ ಉಷ್ಣಮಾಪಕಕ್ಕೂ ಪರದೇಶದ ಮುಖ ನೋಡಬೇಕಾಗಿತ್ತು. ಮಳೆಮಾಪಕ, ಗಾಳಿಮಾಪಕ, ಉಷ್ಣಮಾಪಕ ಹೀಗೆ ಸುಮಾರು 100 ಬಗೆಯ ಉಪಕರಣಗಳ ನಕ್ಷೆಗಳನ್ನು ಒಂದು ಅಳತೆಗೆ ತಂದು, ಇಲ್ಲೇ ತಯಾರಿಸುವ ಹಾಗೆ ಮಾಡಿದರು. 1953ರ ಹೊತ್ತಿಗೆ ಅವರ ಕೈಕೆಳಗೆ 121 ಜನ ಗಂಡಸರು ಕೆಲಸ ಮಾಡುತ್ತಿದ್ದರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ.

ತಪ್ಪು ಅಳತೆಗಿಂತ ಅಳತೆ ಇಲ್ಲದಿರುವುದೇ ಮೇಲು ಎಂಬುದು ಅವರ ಕಟ್ಟುನಿಟ್ಟು. ಇದರ ಅರ್ಥ ನಿಮಗೆ ಬೇಗ ಆಗುತ್ತದೆ. ತಕ್ಕಡಿ ಇಲ್ಲದಿದ್ದರೆ ಕೈಯಲ್ಲಿ ತೂಗಿ ಎಚ್ಚರಿಕೆಯಿಂದ ವ್ಯಾಪಾರ ಮಾಡುತ್ತೀರಿ. ಸುಳ್ಳು ತೂಕದ ತಕ್ಕಡಿಯನ್ನು ನಂಬಿದರೆ ಮೋಸ ಹೋದದ್ದೇ ತಿಳಿಯುವುದಿಲ್ಲ.

1957–58ನ್ನು ಜಗತ್ತಿನ ವಿಜ್ಞಾನಿಗಳೆಲ್ಲ ಸೇರಿ ಅಂತರರಾಷ್ಟ್ರೀಯ ಭೂಭೌತ ವರ್ಷವೆಂದು ಆಚರಿಸಿದರು. ಆಗ ದೇಶದ ಹಲವು ಕಡೆ ಬಿಸಿಲಿನ ಬಲ ಅಳೆಯುವ ಕೇಂದ್ರಗಳನ್ನು ಅನ್ನಾ ಮಣಿ ಹೂಡಿದರು. 1960ರಿಂದ ಓಝೋನಿನ ಕಡೆ ತಿರುಗಿದರು. ಬಹಳ ಎತ್ತರದಲ್ಲಿರುವ ಓಝೋನ್ ನಮಗೆ ಕೊಡೆಯಿದ್ದಂತೆ, ಸೂರ್ಯನ ಕೆಡುಕು ಕಿರಣಗಳನ್ನು ತಡೆಯುತ್ತದೆ. ಅದನ್ನು ಅಳೆಯಲು ಬಲೂನಿಗೆ ಕಟ್ಟಿ ಹಾರಿಸುವ ಓಝೋನ್‌ಸೋಂಡ್ ಎಂಬ ಪುಟ್ಟ ಯಂತ್ರವನ್ನು ನಮ್ಮಲ್ಲೇ ತಯಾರು ಮಾಡಿಸಿದರು. ಸಣ್ಣ ಪಂಪು ಗಾಳಿಯನ್ನು ಪೊಟ್ಯಾಸಿಯಂ ಅಯೊಡೈಡ್ ದ್ರಾವಣದೊಳಕ್ಕೆ ಗುಳುಗುಳು ಬಿಡುತ್ತದೆ. ಓಝೋನ್ ಇದ್ದಷ್ಟು ವಿದ್ಯುತ್ತು ಹರಿಯುತ್ತದೆ. ಆ ಅಂಕಿಯನ್ನು ರೇಡಿಯೋ ಕೆಳಗೆ ಕಳಿಸುತ್ತದೆ. ನಡುವೆ 1963ರಲ್ಲಿ ವಿಕ್ರಮ ಸಾರಾಭಾಯಿ ಅವರು ಕೇಳಿಕೊಂಡ ಮೇಲೆ ತುಂಬಾದ ರಾಕೆಟ್ ನೆಲೆಗೂ ಹವಾಮಾನ ಕೇಂದ್ರ ಕಟ್ಟಿಕೊಟ್ಟರು.

1976ರಲ್ಲಿ ಇಲಾಖೆಯ ಉಪ ಮಹಾನಿರ್ದೇಶಕರಾಗಿ ನಿವೃತ್ತಿ. ಪಿಂಚಣಿ ತೆಗೆದುಕೊಂಡು ಮನೆಯಲ್ಲಿ ಕೂರುವ ಜೀವವಲ್ಲ. ಬೆಂಗಳೂರಿಗೆ ಬಂದು ಮೂರು ವರ್ಷ ರಾಮನ್ ಸಂಶೋಧನಾ ಸಂಸ್ಥೆಯಲ್ಲಿದ್ದರು. ದೇಶದ ಬಿಸಿಲಿನ ಲೆಕ್ಕದ ಎರಡು ದೊಡ್ಡ ಗ್ರಂಥಗಳು 1980–81ರಲ್ಲಿ ಬಂದವು. ಗಾಳಿಯ ಲೆಕ್ಕದ ಗ್ರಂಥ 1983ರಲ್ಲಿ. ಆಮೇಲೆ ಬೆಂಗಳೂರಿನಿಂದಲೇ ದೇಶದ 700ಕ್ಕೂ ಹೆಚ್ಚು ಜಾಗಗಳಲ್ಲಿ ಕಂಬ ನೆಟ್ಟು ಗಾಳಿಯನ್ನು ಅಳೆಸಿದರು. ಗಾಳಿ ಮತ್ತು ಬಿಸಿಲು ಅಳೆಯುವ ಉಪಕರಣಗಳ ಒಂದು ಸಣ್ಣ ಕಾರ್ಖಾನೆಯನ್ನೂ ಬೆಂಗಳೂರಿನಲ್ಲಿ ನಡೆಸಿದರು. ಮದುವೆಯಾಗಲಿಲ್ಲ. 1994ರಲ್ಲಿ ಲಕ್ವ ಹೊಡೆದು ಓಡಾಟ ನಿಂತಿತು. 2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ತೀರಿಕೊಂಡರು.

ಈಗ ಕಂಪ್ಯೂಟರಿನ ವಿಷಯಕ್ಕೆ ಬರೋಣ. ನಾಳೆ ಮಳೆ ಬರುತ್ತದೆಯೆ, ಇನ್ನು ಮೂರು ದಿನ ದೆಹಲಿಯ ಗಾಳಿ ಉಸಿರಾಡುವ ಹಾಗಿರುತ್ತದೆಯೆ ಎಂಬುದನ್ನೆಲ್ಲ ಇಂದು ಕಂಪ್ಯೂಟರ್ ಲೆಕ್ಕ ಹಾಕಿ ಹೇಳುತ್ತದೆ. ನೀವು ಈರುಳ್ಳಿಗೆ ಮಡಿ ಕಟ್ಟುವಂತೆ ಗಾಳಿಯನ್ನೂ ಚೌಕ ಚೌಕವಾಗಿ, ನೆಲದಿಂದ ಮೇಲಕ್ಕೆ ಅಂತಸ್ತು ಅಂತಸ್ತಾಗಿ ಪಾಲು ಮಾಡುತ್ತಾರೆ. ಒಂದು ಮಡಿಯಿಂದ ಇನ್ನೊಂದಕ್ಕೆ ನೀರು ಹಾಯುವಂತೆ, ತೇವ ಹೊಗೆ ದೂಳು ಒಂದು ಚೌಕದಿಂದ ಪಕ್ಕದ ಚೌಕಕ್ಕೆ ಎಷ್ಟು ಹಾಯುತ್ತದೆ ಎಂಬುದು ಮೊದಲ ಲೆಕ್ಕ. ಚೌಕದ ಒಳಗೆ ನಡೆಯುವ ರಸಾಯನ ಕ್ರಿಯೆ ಎರಡನೆಯದು. ವಾಹನದ ಹೊಗೆಗೆ ಬಿಸಿಲು ತಾಗಿದರೆ ನೆಲದ ಮಟ್ಟದಲ್ಲೂ ಓಝೋನ್ ಹುಟ್ಟುತ್ತದೆ. ಮೇಲೆ ಕೊಡೆಯಾಗಿದ್ದ ಓಝೋನ್ ಇಲ್ಲಿ ವಿಷ. ಎಲೆಯ ರಂಧ್ರಗಳಲ್ಲಿ ಹೊಕ್ಕು ಗೋಧಿ, ಸೋಯಾ, ಹತ್ತಿಯಂಥ ಬೆಳೆಗಳ ಇಳುವರಿ ತಗ್ಗಿಸುತ್ತದೆ.

ಬಿಸಿಲು ಎಷ್ಟು, ಗಾಳಿ ಎಷ್ಟು, ಓಝೋನ್ ಎಷ್ಟು ಎಂದು ಮೊದಲು ಹೇಳದಿದ್ದರೆ ಈ ಲೆಕ್ಕ ಹೊರಡುವುದೇ ಇಲ್ಲ. ಅನ್ನಾ ಮಣಿ ಜೀವಮಾನವೆಲ್ಲ ಅಳೆದದ್ದು ಇವನ್ನೇ.

ಲೆಕ್ಕವನ್ನು ಅಳತೆ ತಿದ್ದಿದ ಕಥೆಯೊಂದಿದೆ, ಕೇಳಿ. ದಕ್ಷಿಣ ಧ್ರುವದ ಹ್ಯಾಲಿ ಬೇ ಎಂಬಲ್ಲಿ ಬ್ರಿಟಿಷರು ಅದೇ ಭೂಭೌತ ವರ್ಷದಿಂದ ನೆಲದ ಮೇಲಿನ ಹಳೆಯ ಉಪಕರಣವೊಂದರಲ್ಲಿ ಓಝೋನ್ ಅಳೆಯುತ್ತ ಬಂದಿದ್ದರು. ಅಲ್ಲಿ ವಸಂತದಲ್ಲಿ ಓಝೋನ್ ವಿಪರೀತ ಇಳಿಯುತ್ತಿದೆ ಎಂದು 1985ರಲ್ಲಿ ಜಗತ್ತಿಗೆ ತಿಳಿಸಿದವರು ಅವರೇ. ಮೇಲೆ ಸುತ್ತುತ್ತಿದ್ದ ಉಪಗ್ರಹಕ್ಕೂ ಅದು ಕಂಡಿತ್ತು. ಆದರೆ ಅಷ್ಟು ಕಡಿಮೆ ಅಂಕಿಯನ್ನು ಕಂಪ್ಯೂಟರ್ ಸಂಶಯದ ಪಟ್ಟಿಗೆ ಸೇರಿಸಿಟ್ಟಿತ್ತು. ಆಗಿನ ಲೆಕ್ಕಾಚಾರಗಳಾವುವೂ ಇದನ್ನು ಮುಂಚೆ ಹೇಳಿರಲಿಲ್ಲ. ಕಡು ಚಳಿಯಲ್ಲಿ ಮೋಡದ ಹಿಮಕಣಗಳ ಮೈಮೇಲೆ ಕ್ಲೋರಿನ್ ಚುರುಕಾಗಿ ಓಝೋನನ್ನು ತಿಂದುಹಾಕುತ್ತದೆ ಎಂಬ ಸಂಗತಿಯೇ ಅವುಗಳಲ್ಲಿ ಇರಲಿಲ್ಲ. ಆಮೇಲೆ ಸೇರಿಸಿದರು, ಲೆಕ್ಕ ಸರಿಹೋಯಿತು.

ನಮ್ಮ ದೇಶದಲ್ಲೂ ಸುಧಾರಣೆ ನಡೆದೇ ಇದೆ. ದೆಹಲಿಗಾಗಿ 2018ರಲ್ಲಿ ಶುರುವಾದ ಮುನ್ನೆಚ್ಚರಿಕೆ ವ್ಯವಸ್ಥೆಯಲ್ಲಿ ಉಪಗ್ರಹ ಕಂಡ ಹೊಗೆ ದೂಳನ್ನು ಮೊದಲೇ ಲೆಕ್ಕಕ್ಕೆ ಕೂಡಿಸುತ್ತಾರೆ. ನಗರದ ಮೇಲೆ ಚೌಕವನ್ನು 400 ಮೀಟರಿಗೆ ಇಳಿಸಿದ್ದಾರೆ. ದೇಶದ ಹವಾಮಾನ ಮುನ್ಸೂಚನೆಯ ಚೌಕ 2025ರ ಮೇ ತಿಂಗಳಲ್ಲಿ 12 ಕಿಲೋಮೀಟರಿನಿಂದ 6 ಕಿಲೋಮೀಟರಿಗೆ ಬಂದಿತು. ನಮ್ಮ ಪಕ್ಕದ ಚಳ್ಳಕೆರೆ ತಾಲ್ಲೂಕಿನ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರು ಗಾಳಿಯಲ್ಲಿ ತೇಲುವ ದೂಳಿನ ಕಣಗಳನ್ನು ಅಳೆಯುತ್ತಾರೆ. ಆದರೂ ಅದಿರು ಲಾರಿ ಓಡಾಡುವ ದಾರಿಬದಿಯ ಅಡಿಕೆ ಗರಿ ಕೆಂಪಾದದ್ದನ್ನು 6 ಕಿಲೋಮೀಟರಿನ ಚೌಕ ಕಾಣಲಾರದು. ಅಲ್ಲೇ ಒಂದು ಉಪಕರಣ ಇಟ್ಟು ಅಳೆದರೆ ಮಾತ್ರ ಅದು ಲೆಕ್ಕಕ್ಕೆ ಬಂದೀತು, ಅರ್ಜಿ ಬರೆಯುವಾಗ ಕೈಯಲ್ಲಿ ಅಂಕಿಯೂ ಇದ್ದೀತು.

ಇದು ದೊಡ್ಡವರ ವಿಷಯವೆಂದು ಪತ್ರಿಕೆ ಮಡಿಸಿಡಬೇಡಿ. ಅಡಿಕೆಗೋ ದಾಳಿಂಬೆಗೋ ಹವಾಮಾನ ಆಧಾರಿತ ಬೆಳೆ ವಿಮೆ ಕಟ್ಟಿದ್ದೀರಷ್ಟೆ. ಪರಿಹಾರ ಎಷ್ಟು ಎಂಬುದನ್ನು ತೀರ್ಮಾನಿಸುವುದು ನಿಮ್ಮ ತೋಟದ ಸ್ಥಿತಿಯಲ್ಲ. ನಿಮ್ಮ ಗ್ರಾಮ ಪಂಚಾಯಿತಿಗೆಂದು ಹಾಕಿರುವ ಮಳೆಮಾಪಕ ಕಳಿಸಿದ ಅಂಕಿಯೇ ಅಲ್ಲಿ ನಡೆಯುವುದು. ಆ ಮಾಪಕ ಎಲ್ಲಿದೆ ಎಂದು ಎಷ್ಟು ಜನ ಹೋಗಿ ನೋಡಿದ್ದೀರಿ? ಅದು ಬಯಲಲ್ಲಿರಬೇಕು. ಹತ್ತಿರದ ಮರ ಅಥವಾ ಗೋಡೆ ತನ್ನ ಎತ್ತರದ ಎರಡರಷ್ಟಾದರೂ ದೂರವಿರಬೇಕು. ಬಾಯಿಗೆ ಎಲೆಕಸ ಕಟ್ಟಿರಬಾರದು, ಬಳ್ಳಿ ಹಬ್ಬಿರಬಾರದು. ಮುಂದಿನ ಸಾರಿ ಪಂಚಾಯಿತಿ ಕಚೇರಿಗೆ ಹೋದಾಗ ಒಂದು ಸುತ್ತು ಹಾಕಿ ಬನ್ನಿ. ಏನಾದರೂ ಅಡ್ಡವಿದ್ದರೆ ತಾರೀಖು ಹಾಕಿ ಲಿಖಿತ ದೂರು ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ. ಮುಂಗಾರು ಹಿಡಿಯುವ ಮುಂಚೆಯೇ ಈ ಕೆಲಸ ಆಗಬೇಕು.