ಮೈ ಕಟ್ಟಿದ ಗುರು, ಮನಸ್ಸು ಬರೆದ ಲೇಖಕ: ಕೆ.ವಿ. ಅಯ್ಯರ್

ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಲೇಖನ ಬೇಕೆಂದು ನಮ್ಮ ಮೇಷ್ಟ್ರು ಫೋನ್ ಮಾಡಿದರು. ನಾನು ಕಂಪ್ಯೂಟರ್ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದಿರಬೇಕು. ನನಗೆ ಮಾತ್ರ ಮೊದಲು ನೆನಪಾದದ್ದು ಪಿ.ಟಿ. ಪೀರಿಯಡ್ಡು. ಎಸ್ಸೆಸ್ಸೆಲ್ಸಿ ವರ್ಷ ಮೈದಾನಕ್ಕೆ ಇಳಿಯದೆ ಮರದ ಕೆಳಗೆ ಕುಳಿತು ಲೆಕ್ಕ ಬಿಡಿಸುತ್ತಿದ್ದ ಹುಡುಗರಲ್ಲಿ ನಾನೂ ಒಬ್ಬ. ಅಂಕ ಬಂತು, ಬಿ.ಇ. ಮುಗಿಯಿತು, ಕೆಲಸವೂ ಸಿಕ್ಕಿತು. ದಿನವಿಡೀ ಕುರ್ಚಿಯಲ್ಲಿ ಕುಳಿತು ಕುಳಿತು, ನಲವತ್ತು ತುಂಬುವ ಮೊದಲೇ ಸೊಂಟನೋವೂ ಜೊತೆಗೆ ಬಂತು. ಆ ನೋವಿನ ದಿನಗಳಲ್ಲೇ ನಾನು ಕೆ.ವಿ. ಅಯ್ಯರ್ ಅವರ ಬದುಕಿನ ಬಗ್ಗೆ ಓದಿದೆ. ಅವರನ್ನು ನಮ್ಮ ಶಾಲೆಯ ಮಕ್ಕಳಿಗೆ ಪರಿಚಯಿಸಬೇಕೆಂಬ ಆಸೆಯಿಂದ ಈ ಲೇಖನ.

ನಮ್ಮ ಸೀಮೆಗೆ ಅಂಗಸಾಧನೆ ಹೊಸದಲ್ಲ. 1610ರಲ್ಲಿ ರಾಜ ಒಡೆಯರು ದಸರಾ ಆಚರಣೆಯನ್ನು ಆರಂಭಿಸಿದ್ದು ನಮ್ಮ ಶ್ರೀರಂಗಪಟ್ಟಣದಲ್ಲೇ. ದಸರೆಯೆಂದರೆ ಜಟ್ಟಿ ಕಾಳಗ, ಕುಸ್ತಿ ಇದ್ದದ್ದೇ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದ ಕಡೆಯ ಹಿರಿಯರನ್ನು ಕೇಳಿದರೆ ಗರಡಿ ಮನೆಯ ಕೆಮ್ಮಣ್ಣು, ದಂಡೆ, ಬಸ್ಕಿ, ಉಸ್ತಾದರ ಗದರಿಕೆ ಎಲ್ಲವನ್ನೂ ಹೇಳುತ್ತಾರೆ. ಆದರೆ ಗರಡಿ ಪೈಲ್ವಾನರಿಗೆ ಮಾತ್ರ, ಓದುವವರಿಗೆ ಅಲ್ಲ ಎಂಬ ಭಾವನೆಯೂ ಜನರಲ್ಲಿತ್ತು. ಆ ಗೋಡೆಯನ್ನು ಒಡೆದವರಲ್ಲಿ ಅಯ್ಯರ್ ಪ್ರಮುಖರು.

ಕೋಲಾರದ ವೆಂಕಟೇಶ ಅಯ್ಯರ್ ಹುಟ್ಟಿದ್ದು 1897ರಲ್ಲಿ. ಅವರ ಬಾಲ್ಯದ ದಿನಗಳಲ್ಲಿ ಯೂಜೀನ್ ಸ್ಯಾಂಡೋ ಎಂಬ ಯುರೋಪಿನ ಬಲಶಾಲಿಯ ಹೆಸರು ಜಗತ್ತಿನೆಲ್ಲೆಡೆ ಹರಡಿತ್ತು. ಆತ 1904-05ರಲ್ಲಿ ಭಾರತಕ್ಕೂ ಬಂದು ಪ್ರದರ್ಶನ ನೀಡಿದ್ದ. ಡಂಬೆಲ್ ಹಿಡಿದು ಮೈ ಬೆಳೆಸುವ ಹುಚ್ಚು ನಮ್ಮ ಪಟ್ಟಣಗಳ ಯುವಕರಿಗೂ ತಗುಲಿತು. ಅಯ್ಯರ್ ಆ ವಿದ್ಯೆಯನ್ನು ಮೊದಲು ತಮ್ಮ ಮೈಮೇಲೆಯೇ ಪ್ರಯೋಗಿಸಿಕೊಂಡರು. ಅವರ ಅಂಗಸೌಷ್ಠವದ ಚಿತ್ರಗಳು ವಿದೇಶದ ವ್ಯಾಯಾಮ ಪತ್ರಿಕೆಗಳಲ್ಲೂ ಅಚ್ಚಾದವು.

ಅಷ್ಟಕ್ಕೇ ನಿಂತಿದ್ದರೆ ಅವರು ಒಬ್ಬ ಸುಂದರಾಂಗ ಪುರುಷರೆನಿಸಿಕೊಂಡು ಮರೆತುಹೋಗುತ್ತಿದ್ದರು. ಅವರು ಗುರುವಾದರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನಾಸಿಯಂ ನಡೆಸಿ ನೂರಾರು ಯುವಕರನ್ನು ತಯಾರು ಮಾಡಿದರು. ದೂರದ ಊರಿನವರಿಗೆ ಅಂಚೆಯ ಮೂಲಕ ಪಾಠ ಕಳಿಸಿದರು. ಇಂದು ನಾವು ಆನ್‌ಲೈನ್ ತರಬೇತಿ ಎಂದು ಹೇಳಿಕೊಳ್ಳುವುದನ್ನು ಅವರು ಪೋಸ್ಟ್‌ಮ್ಯಾನ್ ಕೈಯಲ್ಲಿ ಮಾಡಿಸಿದ್ದರು! 1930ರಲ್ಲಿ ಮಸಲ್ ಕಲ್ಟ್, 1936ರಲ್ಲಿ ಪರ್ಫೆಕ್ಟ್ ಫಿಸಿಕ್ ಎಂಬ ಇಂಗ್ಲಿಷ್ ಪುಸ್ತಕಗಳನ್ನು ಬರೆದರು. ಸೂರ್ಯನಮಸ್ಕಾರದ ಬಗ್ಗೆಯೂ ಪುಸ್ತಕ ಬರೆದರು. ಮೈಸೂರು ಅರಮನೆಯೂ ಅವರ ವಿದ್ಯೆಯನ್ನು ಗೌರವಿಸಿತು. ಬೆಂಗಳೂರಿನ ಜೆ.ಸಿ. ರಸ್ತೆಯ ವ್ಯಾಯಾಮಶಾಲೆ ಅವರ ಹೆಸರಿನೊಂದಿಗೇ ಬೆರೆತುಹೋಯಿತು.

ಅವರ ಪಾಠದಲ್ಲಿ ವಿಶೇಷವೇನಿತ್ತು? ಆ ಕಾಲದಲ್ಲಿ ಬಾರ್ಬೆಲ್ ಎತ್ತುವವರಿಗೆ ಯೋಗ ಬೇಡವಾಗಿತ್ತು. ಯೋಗ ಮಾಡುವವರಿಗೆ ಬಾರ್ಬೆಲ್ ಬೇಡವಾಗಿತ್ತು. ಅಯ್ಯರ್ ಎರಡನ್ನೂ ಕೂಡಿಸಿದರು. ಭಾರ ಎತ್ತಿದರೆ ಸ್ನಾಯು ಬಲಿಯುತ್ತದೆ, ಆಸನ ಮತ್ತು ಸೂರ್ಯನಮಸ್ಕಾರಗಳಿಂದ ಬೆನ್ನುಮೂಳೆ ಬಾಗುತ್ತದೆ, ಹೊಟ್ಟೆಯೊಳಗಿನ ಅಂಗಗಳು ಚುರುಕಾಗುತ್ತವೆ ಎಂಬುದು ಅವರ ತಿಳಿವಳಿಕೆ. ಹೊರಗೆ ಕಾಣುವ ದಪ್ಪ ತೋಳಿಗಿಂತ ಒಳಗಿನ ಆರೋಗ್ಯ ಅವರಿಗೆ ದೊಡ್ಡದಾಗಿತ್ತು. ಒಳ್ಳೆಯ ಮೈಕಟ್ಟು ಹುಟ್ಟಿನಿಂದ ಬರುವ ಆಸ್ತಿಯಲ್ಲ, ದಿನದಿನದ ಅಭ್ಯಾಸದ ಫಲ ಎಂಬುದನ್ನು ಅವರ ಇಡೀ ವೃತ್ತಿಯೇ ಸಾರಿತು.

ಇಂಥ ಕಸರತ್ತಿನ ಗುರುವಿಗೂ ಸಾಹಿತ್ಯಕ್ಕೂ ಏನು ನಂಟು ಎಂದು ಕೆಲವರಿಗೆ ಅನಿಸಬಹುದು. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯರು. ಒಬ್ಬರು ಗಡಿಯಾರದಂತೆ ಬದುಕುವವರು, ಇನ್ನೊಬ್ಬರು ಯಾವ ಗಡಿಯಾರಕ್ಕೂ ಸಿಗದವರು. ಆದರೂ ಆ ಸ್ನೇಹ ಗಟ್ಟಿಯಾಗಿತ್ತು. 1946ರಲ್ಲಿ ಕೈಲಾಸಂ ತೀರಿಕೊಂಡ ಮೇಲೂ ಅಯ್ಯರ್ ಅವರ ನೆನಪನ್ನು ಬರವಣಿಗೆಯಲ್ಲಿ ಉಳಿಸಿದರು.

ಅಯ್ಯರ್ ಅವರ ಶಾಂತಲಾ ಕಾದಂಬರಿ ಹೊಯ್ಸಳ ವಿಷ್ಣುವರ್ಧನನ ರಾಣಿಯ ಕಥೆ. ನಾಟ್ಯದಲ್ಲಿ ನುರಿತ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ಪ್ರಾಣ ಬಿಟ್ಟಳೆಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಈ ಕಥೆ ನಮಗೆ ದೂರದ್ದಲ್ಲ. ವಿಷ್ಣುವರ್ಧನನ ಹೆಸರಿನೊಂದಿಗೆ ಬೆಸೆದುಕೊಂಡ ತೊಣ್ಣೂರು, ಮೇಲುಕೋಟೆ ಇರುವುದು ಪಾಂಡವಪುರ ತಾಲ್ಲೂಕಿನಲ್ಲಿ. ಕೆ.ಆರ್. ಪೇಟೆಯ ಹೊಸಹೊಳಲು, ನಾಗಮಂಗಲದ ಸೌಮ್ಯಕೇಶವ ದೇವಾಲಯ ಹೊಯ್ಸಳರ ಕಾಲದವೇ. ಆ ಗೋಡೆಗಳ ಶಿಲ್ಪಗಳ ನಿಲುವು, ಸೊಂಟದ ಬಾಗು ನೋಡಿದಾಗಲೆಲ್ಲ, ಮನುಷ್ಯನ ಮೈಯನ್ನು ಇಷ್ಟು ಬಲ್ಲ ಒಬ್ಬ ಗುರು ಶಾಂತಲೆಯ ಕಥೆಗೆ ಕೈ ಹಾಕಿದ್ದು ಸಹಜವೇ ಅನಿಸುತ್ತದೆ.

ಅವರ ಇನ್ನೊಂದು ಕಾದಂಬರಿ ರೂಪದರ್ಶಿ. ಕಲಾವಿದ ಮೈಕೆಲೇಂಜೆಲೊ ಬಾಲಯೇಸುವಿನ ಚಿತ್ರಕ್ಕೆ ಒಂದು ಮುದ್ದು ಮಗುವನ್ನು ಮಾದರಿಯಾಗಿ ಆರಿಸುತ್ತಾನೆ. ವರ್ಷಗಳ ನಂತರ ದ್ರೋಹಿ ಜುದಾಸನ ಚಿತ್ರಕ್ಕೆ ಕ್ರೂರ ಮುಖವೊಂದನ್ನು ಹುಡುಕಿ ತರುತ್ತಾನೆ. ಇಬ್ಬರೂ ಒಬ್ಬನೇ! ಇದನ್ನು ಓದಿದಾಗ ನನಗೆ ಅಯ್ಯರ್ ಪೂರ್ತಿ ಅರ್ಥವಾದರು. ವ್ಯಾಯಾಮಶಾಲೆಯಲ್ಲಿ ಅವರು ಬಡಕಲು ಹುಡುಗ ದಿನದ ಅಭ್ಯಾಸದಿಂದ ಗಟ್ಟಿಯಾಗುವುದನ್ನು ಕಂಡಿದ್ದರು. ದೇವರಂಥ ಮುಖವೂ ಆಸರೆಯಿಲ್ಲದೆ, ಕೆಟ್ಟ ಬದುಕಿನಿಂದ ಹಾಳಾಗಬಲ್ಲದು ಎಂಬುದನ್ನು ಕಾದಂಬರಿಯಲ್ಲಿ ತೋರಿಸಿದರು. ನಡುವೆ ಕೈ ಹಿಡಿಯುವ ಒಬ್ಬ ಗುರು ಇದ್ದಾನೋ ಇಲ್ಲವೋ ಎಂಬುದರ ಮೇಲೆ ಎಷ್ಟೋ ನಿಂತಿದೆ.

ಕೆ.ವಿ. ಅಯ್ಯರ್ 1980ರಲ್ಲಿ ತೀರಿಕೊಂಡರು. ಇಂದು ಅವರ ಹೆಸರು ಸಾಹಿತ್ಯ ಓದಿದವರಿಗೆ ಗೊತ್ತು. ಜಿಮ್‌ಗೆ ಹೋಗುವ ಹುಡುಗರಿಗೆ ಅಷ್ಟಾಗಿ ಗೊತ್ತಿಲ್ಲ.

ನಾನೀಗ ಬೆಳಗ್ಗೆ ಎದ್ದು 12 ಸೂರ್ಯನಮಸ್ಕಾರ ಹಾಕುತ್ತೇನೆ. ಮೊದಲ ವಾರ 3 ಹಾಕುವಷ್ಟರಲ್ಲಿ ಏದುಸಿರು ಬರುತ್ತಿತ್ತು. ಹದಿನೈದನೇ ವಯಸ್ಸಿನಲ್ಲಿ ಮೈದಾನದಲ್ಲಿ ಪುಕ್ಕಟೆಯಾಗಿ ಸಿಗುತ್ತಿದ್ದುದನ್ನು ಈಗ ಕಷ್ಟಪಟ್ಟು ಗಳಿಸುತ್ತಿದ್ದೇನೆ. ಗುರುಗಳಲ್ಲಿ, ಊರಿನ ಹಿರಿಯರಲ್ಲಿ ಹಳೆಯ ವಿದ್ಯಾರ್ಥಿಯ ಒಂದೇ ಕೋರಿಕೆ: ಪರೀಕ್ಷೆ ಹತ್ತಿರ ಬಂದರೂ ಪಿ.ಟಿ. ಪೀರಿಯಡ್ಡನ್ನು ಉಳಿಸಿಕೊಡಿ. ಮರದ ಕೆಳಗೆ ಯಾವನಾದರೂ ಹುಡುಗ ಲೆಕ್ಕದ ಪುಸ್ತಕ ಹಿಡಿದು ಕುಳಿತಿದ್ದರೆ, ದಯವಿಟ್ಟು ಎಬ್ಬಿಸಿ ಮೈದಾನಕ್ಕೆ ಕಳಿಸಿ.