ನಂಬಿಕೆ ಗಳಿಸಿದ ದನಿ: ಎಡ್ವರ್ಡ್ ಮರ್ರೋ

ಗಡಿನಾಡಿನ ನಮ್ಮ ಮನೆಗಳಲ್ಲಿ ರೇಡಿಯೋ ಮುಳ್ಳು ಒಂದೇ ಕಡೆ ನಿಂತದ್ದಿಲ್ಲ. ಬೆಳಿಗ್ಗೆ ಕನ್ನಡ ವಾರ್ತೆ, ಆಮೇಲೆ ನೆರೆಭಾಷೆಯ ವಾರ್ತೆ, ರಾತ್ರಿ ಶಾರ್ಟ್‌ವೇವ್‌ನಲ್ಲಿ ಬಿಬಿಸಿ. 1975-77ರ ತುರ್ತು ಪರಿಸ್ಥಿತಿಯಲ್ಲಿ ಆಕಾಶವಾಣಿ ಸರಕಾರ ಹೇಳಿದ್ದನ್ನಷ್ಟೇ ಹೇಳುತ್ತಿದ್ದಾಗ ನಿಜ ಸಂಗತಿ ತಿಳಿಯಲು ಅನೇಕರು ಕಿವಿಗೊಟ್ಟದ್ದು ಬಿಬಿಸಿಗೆ. ಅದರ ವಿದೇಶ ಪ್ರಸಾರವೂ ಆಗ ನಡೆಯುತ್ತಿದ್ದುದು ಬ್ರಿಟಿಷ್ ಸರಕಾರದ ಹಣದಿಂದಲೇ. ಹಾಗಾದರೆ ಒಂದನ್ನು ನಂಬಿ ಇನ್ನೊಂದನ್ನು ನಂಬದಿರಲು ಕಾರಣವೇನು? ಅಮೆರಿಕದ ಪತ್ರಕರ್ತ ಎಡ್ವರ್ಡ್ ಮರ್ರೋ ಅವರ ಬದುಕಿನಲ್ಲಿ ಇದಕ್ಕೆ ಉತ್ತರವಿದೆ.

ಮರ್ರೋ ಹುಟ್ಟಿದ್ದು 1908ರ ಎಪ್ರಿಲ್ 25ರಂದು, ನಾರ್ತ್ ಕೆರೊಲಿನಾದ ಬಡ ರೈತ ಕುಟುಂಬದಲ್ಲಿ. ಬಾಲ್ಯದಲ್ಲೇ ಕುಟುಂಬ ಪಶ್ಚಿಮದ ವಾಷಿಂಗ್ಟನ್ ರಾಜ್ಯಕ್ಕೆ ವಲಸೆ ಹೋಯಿತು. ಕಾಡಿನಲ್ಲಿ ಮರ ಕಡಿಯುವವರ ಜೊತೆ ದುಡಿದು ಅವರು ಕಾಲೇಜು ಓದಿದರು. 1935ರಲ್ಲಿ ಸಿಬಿಎಸ್ ರೇಡಿಯೋ ಸೇರಿ, 1937ರಲ್ಲಿ ಲಂಡನ್ನಿಗೆ ಹೋದರು.

1938ರ ಮಾರ್ಚ್‌ನಲ್ಲಿ ಹಿಟ್ಲರನ ಸೈನ್ಯ ಆಸ್ಟ್ರಿಯಾಕ್ಕೆ ನುಗ್ಗಿದಾಗ ಮರ್ರೋ ವಿಯೆನ್ನಾದಿಂದಲೇ ವರದಿ ಮಾಡಿದರು. 1940ರಲ್ಲಿ ಲಂಡನ್ ಮೇಲೆ ಬಾಂಬಿನ ಮಳೆ ಸುರಿಯುತ್ತಿದ್ದಾಗ ಮಾಳಿಗೆ ಹತ್ತಿ ನಿಂತು, ಕಂಡದ್ದನ್ನು ಕಂಡ ಹಾಗೆ ಅಮೆರಿಕದ ಮನೆಮನೆಗೆ ತಲುಪಿಸಿದರು. ಹೆಚ್ಚಿಸಿ ಹೇಳುವ ಅಭ್ಯಾಸ ಅವರಿಗಿರಲಿಲ್ಲ. ಆ ದನಿಯನ್ನು ಜನ ನಂಬಿದರು.

ಯುದ್ಧದ ನಂತರ ಟಿವಿಯಲ್ಲೂ ಅವರದೇ ಹೆಸರು. ಸೆನೆಟರ್ ಮೆಕಾರ್ಥಿ ಸಿಕ್ಕಸಿಕ್ಕವರಿಗೆ ಕಮ್ಯುನಿಸ್ಟ್ ಪಟ್ಟ ಕಟ್ಟಿ ಹೆದರಿಸುತ್ತಿದ್ದ ಕಾಲವದು. 1954ರ ಮಾರ್ಚ್ 9ರಂದು ಮರ್ರೋ ತಮ್ಮ ಕಾರ್ಯಕ್ರಮದಲ್ಲಿ ಮೆಕಾರ್ಥಿಯ ಮಾತುಗಳನ್ನೇ ಮುಂದಿಟ್ಟು ಅವರ ಬಣ್ಣ ಬಯಲು ಮಾಡಿದರು. 1960ರ ನವೆಂಬರ್‌ನಲ್ಲಿ ಬಂದ ಅವರ ಸಾಕ್ಷ್ಯಚಿತ್ರ, ಊರೂರು ಅಲೆದು ಕೊಯ್ಲು ಮಾಡುವ ಕೂಲಿಗಳ ಬಡತನವನ್ನು ಉಂಡು ತೇಗಿದ ಅಮೆರಿಕನ್ನರಿಗೆ ತೋರಿಸಿತು.

ಕುರ್ಚಿ ಬದಲಾದಾಗ

1961ರಲ್ಲಿ ಅಧ್ಯಕ್ಷ ಕೆನಡಿ ಅವರನ್ನು ಅಮೆರಿಕದ ವಾರ್ತಾ ಸಂಸ್ಥೆಯ ಮುಖ್ಯಸ್ಥರನ್ನಾಗಿ ನೇಮಿಸಿದರು. ವಾಯ್ಸ್ ಆಫ್ ಅಮೆರಿಕ ಬಾನುಲಿ ಈ ಸಂಸ್ಥೆಯ ಕೈಕೆಳಗಿತ್ತು. ದೇಶದ ಮುಖವನ್ನು ಹೊರಗಿನವರಿಗೆ ಚೆನ್ನಾಗಿ ತೋರಿಸುವುದೇ ಅದರ ಕೆಲಸ.

ಕುರ್ಚಿಯಲ್ಲಿ ಕೂತು ಹೆಚ್ಚು ದಿನವಾಗಿರಲಿಲ್ಲ, ಕೂಲಿಗಳ ಆ ಚಿತ್ರ ಬಿಬಿಸಿಯಲ್ಲಿ ಬರಲಿದೆ ಎಂದು ತಿಳಿಯಿತು. ದೇಶದ ಮಾನ ಹೋದೀತೆಂಬ ಅಳುಕು. ಮರ್ರೋ ಬಿಬಿಸಿಯ ಮಹಾನಿರ್ದೇಶಕ ಹ್ಯೂ ಕಾರ್ಲ್‌ಟನ್ ಗ್ರೀನ್ ಅವರಿಗೆ ಫೋನ್ ಮಾಡಿ, ತಾನೇ ಮಾಡಿದ ಚಿತ್ರವನ್ನು ತೋರಿಸಬೇಡಿ ಎಂದು ಕೇಳಿಕೊಂಡರು. ಗ್ರೀನ್ ಒಪ್ಪಲಿಲ್ಲ. ಚಿತ್ರ ಪ್ರಸಾರವಾಯಿತು, ಫೋನಿನ ಸುದ್ದಿಯೂ ಬಯಲಾಯಿತು. ಮೆಕಾರ್ಥಿಗೆ ಹೆದರದವರು ಸರಕಾರಿ ಕುರ್ಚಿಗೆ ಬಾಗಿದರಲ್ಲ ಎಂದು ಅವರನ್ನು ಮೆಚ್ಚಿದವರೇ ನೊಂದರು. ಹಾಗೆ ಕೇಳಬಾರದಿತ್ತೆಂದು ಮರ್ರೋ ಮುಂದೆ ಒಪ್ಪಿಕೊಂಡರು.

ಅದೇ ಎಪ್ರಿಲ್‌ನಲ್ಲಿ ಕ್ಯೂಬಾದ ಮೇಲೆ ಅಮೆರಿಕ ಬೆಂಬಲಿತ ಗುಂಪಿನ ದಾಳಿ ನಡೆದು ವಿಫಲವಾಯಿತು. ಜಗತ್ತಿಗೆ ಸುದ್ದಿ ಹೇಳಬೇಕಾದ ಸಂಸ್ಥೆಯ ಮುಖ್ಯಸ್ಥರಿಗೇ ಇದರ ಸುಳಿವನ್ನು ಸರಕಾರ ಕೊಟ್ಟಿರಲಿಲ್ಲ. ಪತ್ರಕರ್ತರೊಬ್ಬರ ಮೂಲಕ ವಿಷಯ ಅವರ ಕಚೇರಿಗೆ ತಲುಪಿತು. ಕೆಟ್ಟ ಮೇಲೆ ತೇಪೆ ಹಾಕಲು ಕರೆಯುವ ಬದಲು, ತೀರ್ಮಾನ ಮಾಡುವಾಗಲೇ ತಮ್ಮನ್ನು ಕೇಳಬೇಕೆಂದು ಮರ್ರೋ ಪಟ್ಟು ಹಿಡಿದರು.

ಪಾಠವನ್ನು ಅವರು ಮರೆಯಲಿಲ್ಲ. 1963ರಲ್ಲಿ ಬರ್ಮಿಂಗ್‌ಹ್ಯಾಮ್ ನಗರದಲ್ಲಿ ಸಮಾನ ಹಕ್ಕು ಕೇಳಿದ ಕರಿಯ ಜನರ ಮೇಲೆ ಪೊಲೀಸರು ನಾಯಿ ಬಿಟ್ಟದ್ದನ್ನು, ನೀರಿನ ಕೊಳವೆ ಹಾಯಿಸಿದ್ದನ್ನು ವಾಯ್ಸ್ ಆಫ್ ಅಮೆರಿಕ ಮುಚ್ಚಿಡಲಿಲ್ಲ. ಆ ವರ್ಷ ಸಂಸತ್ ಸಮಿತಿಯ ಮುಂದೆ ಮರ್ರೋ ವಾದಿಸಿದ್ದೂ ಇದನ್ನೇ: ಕೇಳುಗ ನಂಬಬೇಕಾದರೆ ಹೇಳುವವನು ನಂಬಿಕೆಗೆ ಅರ್ಹನಾಗಿರಬೇಕು, ಅದಕ್ಕೆ ಸತ್ಯ ಹೇಳುವುದೊಂದೇ ದಾರಿ.

ಆದರೆ ಸರಕಾರದ ಕೈ ಬಾನುಲಿಯಿಂದ ದೂರವಾಗಲಿಲ್ಲ. 1962ರ ಅಕ್ಟೋಬರ್‌ನ ಕ್ಯೂಬಾ ಕ್ಷಿಪಣಿ ಬಿಕ್ಕಟ್ಟಿನಲ್ಲಿ, ಮರ್ರೋ ಕಾಯಿಲೆ ಬಿದ್ದಿದ್ದಾಗ, ವಾರ್ತೆಗಳ ಮೇಲೆ ಕಣ್ಣಿಡಲು ಬಾನುಲಿಯೊಳಗೇ ಅಧಿಕಾರಿಯೊಬ್ಬರನ್ನು ಕೂರಿಸಲಾಯಿತು. ವಿಯೆಟ್ನಾಂ ಯುದ್ಧದ ವಾರ್ತೆಗಳಲ್ಲೂ ಇಂಥ ಹಸ್ತಕ್ಷೇಪ ನಡೆದು, 1965ರಲ್ಲಿ ನಿರ್ದೇಶಕ ಹೆನ್ರಿ ಲೂಮಿಸ್ ಹುದ್ದೆ ಬಿಟ್ಟರು.

ಮರ್ರೋ 1964ರ ಆರಂಭದಲ್ಲೇ ಅನಾರೋಗ್ಯದಿಂದ ಹುದ್ದೆ ಬಿಟ್ಟಿದ್ದರು. ಕೈಯಿಂದ ಸಿಗರೇಟು ಇಳಿಯದ ಮನುಷ್ಯ, ಶ್ವಾಸಕೋಶದ ಕ್ಯಾನ್ಸರ್‌ನಿಂದ 1965ರ ಎಪ್ರಿಲ್ 27ರಂದು ತೀರಿಕೊಂಡರು. ಐವತ್ತೇಳು ತುಂಬಿ ಎರಡು ದಿನವಷ್ಟೇ ಆಗಿತ್ತು.

ವಾಯ್ಸ್ ಆಫ್ ಅಮೆರಿಕದ ಸುದ್ದಿ ನಿಖರವಾಗಿ, ನಿಷ್ಪಕ್ಷಪಾತವಾಗಿ ಇರಬೇಕೆಂಬ ಕಾನೂನು ಬಂದದ್ದು 1976ರಲ್ಲಿ. ಕಾನೂನಿದ್ದರೂ ಆಳುವವರ ಮನಸ್ಸಿಗೆ ಬೇಲಿಯಿಲ್ಲ. 1942ರಿಂದ ನಡೆದು ಬಂದ ಆ ಬಾನುಲಿಯ ಹೆಚ್ಚಿನ ಪ್ರಸಾರಗಳು 2025ರ ಮಾರ್ಚ್‌ನಲ್ಲಿ ಅಧ್ಯಕ್ಷ ಟ್ರಂಪ್ ಆದೇಶದ ಬೆನ್ನಿಗೇ ನಿಂತುಹೋದವು.

ಹಣ ಯಾರದಾದರೂ ಇರಲಿ, ಫೋನ್ ಬಂದಾಗ ಆಗುವುದಿಲ್ಲ ಎನ್ನುವ ಒಬ್ಬರು ಅತ್ತ ಕಡೆ ಇದ್ದಾರೆಯೇ ಎಂಬುದು ಮುಖ್ಯ. ಗ್ರೀನ್ ಅಂದು ಹಾಗೆ ಅಂದರು. ಅಂಥವರು ಇರುವಷ್ಟು ಕಾಲ ರೇಡಿಯೋ ಮುಳ್ಳು ಆ ಕಡೆಗೇ ತಿರುಗುತ್ತದೆ. ಎರಡು ಭಾಷೆಯ ವಾರ್ತೆ ಕೇಳಿ ಹೋಲಿಸಿ ನೋಡುವ ಗಡಿನಾಡಿನ ನಮಗೆ ಇದು ಬೇಗ ಅರ್ಥವಾಗುವ ಮಾತು.